ಹುಚ್ಚೆಳ್ಳು ಹೊಲದ ಹಳದಿ

"ಇಲಿ ಸತ್ತಿದ್ದನ್ನ ಸಾಕ್ಷಿ ಅಂತ ಕೋರ್ಟಿಗೆ ಹಿಡ್ಕೊಂಡು ಹೋಗ್ಲಾ ಜಯದೇವಪ್ಪನೋರೆ? ಬಾಲ ಹಿಡ್ಕೊಂಡು?"

ಇನ್‌ಸ್ಪೆಕ್ಟರ್ ನಂಜುಂಡಪ್ಪ ಟೋಪಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟ. ಕೆಳಗೆ ಅಜ್ಜಂಪುರದ ಸಂತೆ ಗಿಜಿಗುಡುತ್ತಿತ್ತು. ಈರುಳ್ಳಿ ಮಂಡಿಯ ಘಾಟು ಮಹಡಿಯ ಈ ಹಾಲ್‌ವರೆಗೂ ಹತ್ತಿ ಬಂದಿತ್ತು.

"ಬಾಲ ಯಾಕೆ ಹಿಡೀತೀಯ? ರಟ್ಟಿನ ಡಬ್ಬೀಲಿ ಹಾಕ್ಕೊಂಡು ಹೋಗು. ಇಲಾಖೆ ಮರ್ಯಾದೆ ಉಳೀತದೆ," ಎಂದರು ಜಯದೇವಪ್ಪ.

ಜಯದೇವಪ್ಪನವರು ಪೊಲೀಸ್ ನೌಕರಿಯಿಂದ ನಿವೃತ್ತರಾಗಿ ಊರಿಗೆ ಬಂದು ಕೂತವರು. ಕೂತವರು ಅನ್ನುವುದು ಬರೀ ಹೆಸರಿಗೆ. ಕಾಲೂ ನಿಲ್ಲದು, ನಾಲಿಗೆಯೂ ನಿಲ್ಲದು. ನಂಜುಂಡಪ್ಪ ಒಂದು ಕಾಲಕ್ಕೆ ಅವರ ಕೈಕೆಳಗೆ ಪಳಗಿದವನಾದ್ದರಿಂದ ಇವತ್ತು ಸಂಜೆಯವರೆಗೆ ತಡೆಯಲು ಒಪ್ಪಿದ್ದ. ಸಂಜೆಯಾದರೆ ಸುಲೋಚನಮ್ಮನನ್ನು ಜೀಪು ಹತ್ತಿಸುವುದೇ ಸೈ ಎಂದು ಮುಖಕ್ಕೆ ಹೇಳಿಯೇ ಬಂದಿದ್ದ.

ಅವನದೂ ತಪ್ಪಲ್ಲ. ಕಡೂರು, ತರೀಕೆರೆ, ಅಜ್ಜಂಪುರ ಸೇರಿದ ಮೂರೂರು ಚಿತ್ರಕಲಾ ಸಂಘದ ತರೀಕೆರೆ ಪ್ರದರ್ಶನದಲ್ಲಿ ಜನರೆದುರು ಚಿತ್ರ ಬರೆಯುತ್ತ ಕೂತಿದ್ದ ಡ್ರಾಯಿಂಗ್ ಮೇಷ್ಟ್ರು ಕಲ್ಲೇಶಪ್ಪ ಸಂಜೆಗೆ ಹೊಟ್ಟೆ ಹಿಡಿದುಕೊಂಡು ಉರುಳಿ, ಬೆಳಗಾಗುವಷ್ಟರಲ್ಲಿ ಹೆಣವಾಗಿದ್ದರು. ಹೊಟ್ಟೆಯಲ್ಲಿ ಪಾಷಾಣವಿತ್ತು. ಆ ದಿನ ಮೇಷ್ಟ್ರು ಬಾಯಿಗಿಟ್ಟದ್ದು ಅವರ ಶಿಷ್ಯೆ ಸುಲೋಚನಮ್ಮ ಸಿಂಗಟಗೆರೆಯಿಂದ ಫ್ಲಾಸ್ಕಿನಲ್ಲಿ ತಂದ ಕಾಫಿಯೊಂದೇ. ಪೊಲೀಸರು ಕೇಳುವ ಹೊತ್ತಿಗೆ ಆಕೆ ಫ್ಲಾಸ್ಕನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಳು. ಒಳ್ಳೆಯ ಗೃಹಿಣಿ ಮಾಡುವ ಕೆಲಸ. ಅದೇ ಅವಳ ಕುತ್ತಿಗೆಗೆ ಬಂದಿತ್ತು.

ಜಯದೇವಪ್ಪನವರ ತಲೆಯಲ್ಲಿ ಮಾತ್ರ ಬೇರೆಯದೇ ಹುಳು ಕೊರೆಯುತ್ತಿತ್ತು. ಮೇಷ್ಟ್ರನ್ನು ಎತ್ತಿ ಕಾರಿಗೆ ಹಾಕಿದವರಲ್ಲಿ ಅವರೂ ಒಬ್ಬರು. ಆಗ ಮೇಷ್ಟ್ರ ತುಟಿಯ ಅಂಚಿನಲ್ಲಿ ಹಳದಿ ಬಣ್ಣ ಒಣಗಿ ಹಕ್ಕಳೆಗಟ್ಟಿತ್ತು.

ಕಲ್ಲೇಶಪ್ಪ ಮೇಷ್ಟ್ರಿಗೆ ಬ್ರಷ್ಷನ್ನು ಬಾಯಿಗಿಟ್ಟು ಚೂಪು ಮಾಡುವ ಚಾಳಿ. ಎಂಜಲು ತಾಗದೆ ಬ್ರಷ್ಷಿಗೆ ಮೂತಿ ಬರುವುದಿಲ್ಲ ಎನ್ನುತ್ತಿದ್ದರು. ಬಟ್ಟೆಗೆ ಒರೆಸಿ ಚೂಪು ಮಾಡುವ ಶಿಷ್ಯನ ಗೆಣ್ಣಿಗೆ ಅದೇ ಬ್ರಷ್ಷಿನ ಹಿಡಿಯಿಂದ ಪೆಟ್ಟು ಬೀಳುತ್ತಿತ್ತು. ಕಡೂರಿನಿಂದ ತರೀಕೆರೆವರೆಗೆ ಅವರ ಕೈಯಲ್ಲಿ ಕಲಿತವರನ್ನು ಗುರುತಿಸಲು ಚಿತ್ರ ನೋಡಬೇಕಾಗಿರಲಿಲ್ಲ, ನಾಲಿಗೆ ನೋಡಿದರೆ ಸಾಕಿತ್ತು. ಇನ್ನು ಆ ದಿನ ಅವರು ಬರೆಯುತ್ತಿದ್ದದ್ದಾದರೂ ಏನು? ಹೂಬಿಟ್ಟ ಹುಚ್ಚೆಳ್ಳಿನ ಹೊಲ. ಹಾಳೆಯ ತುಂಬ ಹಳದಿಯೇ ಹಳದಿ.

ಮೇಷ್ಟ್ರ ಬ್ಯಾಗು ಅಂದಿನಿಂದ ಠಾಣೆಯ ಮೂಲೆಯಲ್ಲಿ ಬಿದ್ದಿತ್ತು, ಯಾರೂ ಬಿಚ್ಚಿರಲಿಲ್ಲ. ಜಯದೇವಪ್ಪ ಅದರಲ್ಲಿದ್ದ ಬಣ್ಣದ ಪೆಟ್ಟಿಗೆಯನ್ನು ಕಾಡಿ ಬೇಡಿ ತಂದು, ಹಳದಿ ಬಿಲ್ಲೆಯನ್ನು ಕೆರೆದು, ಬೆಲ್ಲಕ್ಕೆ ಸವರಿ ಇಲಿಯ ಬಿಲದ ಬಾಯಿಗಿಟ್ಟಿದ್ದರು. ಬೆಳಿಗ್ಗೆ ಇಲಿ ಕಾಲು ಚಾಚಿತ್ತು.

"ಬಣ್ಣದಲ್ಲಿ ವಿಷ ಇತ್ತು ಅಂತಾನೇ ಇಟ್ಕೊಳ್ಳಿ," ಎಂದ ನಂಜುಂಡಪ್ಪ. "ಅದನ್ನ ಆಯಮ್ಮನೇ ಹಾಕಿರಬಾರದಾ?"

ಅದಕ್ಕೇ ತಾನೆ ಇವತ್ತಿನ ಏರ್ಪಾಡು ಎಂದರು ಜಯದೇವಪ್ಪ. ಊರಿಗೆಲ್ಲ ಗೊತ್ತಿರುವುದು ಕಾಫಿಯ ಕತೆ. ಬಣ್ಣದ ಸುದ್ದಿ ಬಲ್ಲವರು ಅವರಿಬ್ಬರು, ಬಿಟ್ಟರೆ ವಿಷ ಹಾಕಿದವರು. ಮೇಷ್ಟ್ರ ನೆನಪಿಗೆಂದು ಸಂಘದವರು ಇಲ್ಲಿ ಪ್ರದರ್ಶನ ಇಟ್ಟಿದ್ದಾರೆ. ಅರ್ಧಕ್ಕೆ ನಿಂತ ಆ ಚಿತ್ರವನ್ನು ಅವರದೇ ಪೆಟ್ಟಿಗೆಯ ಬಣ್ಣದಿಂದ, ಆ ದಿನ ಅವರ ಬಳಿಯಿದ್ದ ಮೂವರು ಶಿಷ್ಯರು ಪೂರ್ತಿ ಮಾಡಲಿ. ಗೊತ್ತಿಲ್ಲದವರು ರೂಢಿಯಂತೆ ಬ್ರಷ್ಷನ್ನು ಬಾಯಿಗಿಡುತ್ತಾರೆ. ಗೊತ್ತಿದ್ದವರು ಹಳದಿಯ ಹತ್ತಿರ ಬಂದಾಗ ಏನು ಮಾಡುತ್ತಾರೆ, ಅದನ್ನು ನೋಡೋಣ.

"ಬಾಯಿಗಿಟ್ಟೋರು ಉಳೀಬೇಕಲ್ರೀ."

"ಆ ಬಿಲ್ಲೆ ಕಿತ್ತು, ಗುಳಿ ತೊಳೆದು, ಕಡೂರಿಂದ ಹೊಸಾದು ತಂದು ಕೂರಿಸಿದೀನಿ ಕಣಪ್ಪಾ. ಹಳೇದರ ಹಂಗೆ ಕಾಣ್ಲಿ ಅಂತ ಮೇಲೆ ಮಸಿ ಕೂಡ ಸವರಿದೀನಿ. ನಿನ್ನೆ ನಾನೇ ನೆಕ್ಕಿ ನೋಡ್ದೆ."

ಕತೆಯನ್ನು ಕೇಳುತ್ತಿದ್ದ ನಂಜುಂಡಪ್ಪನಿಗೆ ನಗು ಬಂತು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಅವನು ಹಿಂದಿನ ಬೆಂಚಿಗೆ ಸರಿದು ಚಿತ್ರ ನೋಡಲು ಬಂದವನಂತೆ ಕೂತ.

ಹಾಲ್‌ನ ಗೋಡೆಯ ಉದ್ದಕ್ಕೂ ಚಿತ್ರಗಳಿದ್ದವು. ಕಡೂರಿನ ಬೋರ್ಡು ಬರೆಯುವವರದು, ತರೀಕೆರೆಯ ಬಟ್ಟೆ ವ್ಯಾಪಾರಿಯದು, ಲಕ್ಕವಳ್ಳಿಯ ಡ್ಯಾಮಿನ ಓವರ್‌ಸಿಯರ್ ಬರೆದದ್ದು, ಮನೆವಾರ್ತೆಯ ಹೆಂಗಸರು ಮಧ್ಯಾಹ್ನದ ನಿದ್ದೆ ಬಿಟ್ಟು ಬರೆದದ್ದು. ಸಂಘದಲ್ಲಿ ಹೊಟ್ಟೆಪಾಡಿನವರು, ಹವ್ಯಾಸದವರು ಎಂಬ ಭೇದವಿರಲಿಲ್ಲ. ಮೇಷ್ಟ್ರ ಕೈಯಲ್ಲಿ ಎಲ್ಲರಿಗೂ ಸಮನಾಗಿ ಮಂಗಳಾರತಿ ಆಗುತ್ತಿತ್ತು.

ಮೇಷ್ಟ್ರಿದ್ದಾಗ ಪ್ರತಿ ಪ್ರದರ್ಶನದಲ್ಲೂ ಒಂದು ಚಿತ್ರ ಗೋಡೆಗೆ ಮುಖ ಮಾಡಿ ನಿಲ್ಲುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಯಾವುದೆಂದು ನೆರೆದವರ ಮುಂದೆ ಅವರೇ ಆರಿಸಿ, ಅವರೇ ತಿರುಗಿಸಿ, ಬರೆದವರ ಹೆಸರನ್ನು ಬೆನ್ನಿಗೆ ಅಂಟಿಸುತ್ತಿದ್ದರು. ಪ್ರದರ್ಶನ ಮುಗಿಯುವ ತನಕ ಅದು ಹಾಗೆಯೇ ಇರಬೇಕು. ಜನ ಚಿತ್ರ ನೋಡಲು ಬರುತ್ತಿದ್ದರೋ ಆ ಬೆನ್ನು ನೋಡಲು ಬರುತ್ತಿದ್ದರೋ, ದೇವರೇ ಬಲ್ಲ.

ಮೊದಲು ಬಂದವನು ಕಡೂರಿನ ಮಲ್ಲಿಕಾರ್ಜುನ. ಲಾರಿಯ ಹಣೆಯಿಂದ ಹಿಡಿದು ಅಂಗಡಿಯ ಬಾಗಿಲವರೆಗೆ ಅಕ್ಷರ ಬರೆದು ಬದುಕುವವನು. ಹಿಂದೆಯೇ ಸೆರಗು ಹೊದ್ದುಕೊಂಡು ಸುಲೋಚನಮ್ಮ. ಪೊಲೀಸರು ಮನೆಯ ಬಾಗಿಲಿಗೆ ಬಂದು ಹೋದ ಮೇಲೆ ಅತ್ತೆ ಅವಳ ಕೈಯ ನೀರು ಮುಟ್ಟುವುದನ್ನು ಬಿಟ್ಟಿದ್ದಳು. ಅವಳು ಅಡುಗೆ ಮಾಡಿದರೆ ಮಕ್ಕಳ ತಟ್ಟೆಯನ್ನು ಅಜ್ಜಿ ಬಂದು ಎತ್ತಿಕೊಂಡು ಹೋಗುತ್ತಿದ್ದಳಂತೆ. ಸುಲೋಚನಮ್ಮನ ಕಣ್ಣ ಕೆಳಗೆ ಕಪ್ಪು ಇಳಿದಿತ್ತು. ಬೆಂಚಿನ ಮೇಲೆ ಖಾಕಿ ಕಂಡದ್ದೇ ಹೊಸಿಲಲ್ಲಿ ನಿಂತುಬಿಟ್ಟಳು.

"ಬಾರಮ್ಮಾ. ಅವನು ಚಿತ್ರ ನೋಡಕ್ಕೆ ಬಂದಿರೋದು," ಎಂದರು ಜಯದೇವಪ್ಪ.

"ಚಿತ್ರ ಬರ್ಯೋರ್ನೂ ನೋಡ್ತಾರಲ್ಲ," ಎಂದಳು ಅವಳು. ಆದರೂ ಒಳಗೆ ಬಂದಳು.

ಕೊನೆಗೆ ಬಂದವನು ಸಂಘದ ಕಾರ್ಯದರ್ಶಿ ಓಂಕಾರಮೂರ್ತಿ, ತರೀಕೆರೆಯಲ್ಲಿ ಬಟ್ಟೆ ಅಂಗಡಿ ಇಟ್ಟವನು. ಹಣೆಯ ಮೇಲೆ ವಿಭೂತಿ, ಇಸ್ತ್ರಿ ಮಾಡಿದ ಜುಬ್ಬಾ, ಮಾತಿಗೆ ಮುಂಚೆ ನಗು. ಕುರ್ಚಿಗಳನ್ನು ತಾನೇ ಎಳೆದು ಹಾಕಿದ, ಸುಲೋಚನಮ್ಮನಿಗೆ ಬೆಳಕಿನ ಕಡೆ ಜಾಗ ಮಾಡಿಕೊಟ್ಟ, ಇನ್‌ಸ್ಪೆಕ್ಟರಿಗೆ ಎಳನೀರು ತರಿಸಲೇ ಎಂದು ಕೇಳಿದ. ಯಾರಿಗೇ ಆಗಲಿ ಸಾಲ ಕೇಳಲು ಧೈರ್ಯ ಬರುವಂಥ ಮುಖ.

ಜಯದೇವಪ್ಪ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟರು. ಓಂಕಾರಮೂರ್ತಿಯ ನಗು ಒಂದು ಗಳಿಗೆ ಎಲ್ಲೋ ಹೋಗಿ ಬಂತು.

"ಇದು ಮೇಷ್ಟ್ರದ್ದೇ ಅಲ್ವಾ?"

"ಅವರದ್ದೇ. ಸ್ಟೇಷನ್ನಿಂದ ಬಿಡಿಸ್ಕೊಂಡು ಬಂದೆ."

ಮೊದಲು ಮಲ್ಲಿಕಾರ್ಜುನ ಕೂತ. ಆಕಾಶಕ್ಕೆ ನೀಲಿ ಬಳಿದ, ಹಂಚಿನ ಮನೆಗೆ ಕಾವಿ ಕೊಟ್ಟ. ಬೋರ್ಡಿನ ಕೈ, ದಪ್ಪ ಬ್ರಷ್ಷಿಗೆ ಒಗ್ಗಿದ್ದು. ಸಣ್ಣ ಬ್ರಷ್ಷು ಹಿಡಿಯಲು ತಿಣುಕಾಡಿ ಅಂಗಿಯ ತೋಳಿಗೆ ಒರೆಸಿದ. ಒಮ್ಮೆಯಲ್ಲ, ಮತ್ತೆ ಮತ್ತೆ. ಜಯದೇವಪ್ಪ ಕುರ್ಚಿಯ ತುದಿಗೆ ಸರಿದರು. ಮೇಷ್ಟ್ರು ಇವನ ಚಿತ್ರವನ್ನು 'ಬೀಡಿ ಜಾಹೀರಾತು' ಎಂದು ಹೀಯಾಳಿಸಿದ್ದನ್ನು ಊರೇ ಬಲ್ಲದು.

ಮಲ್ಲಿಕಾರ್ಜುನ ಹಳದಿಗೆ ಬ್ರಷ್ಷು ಅದ್ದಿದ. ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದ. ತುದಿ ಕವಲೊಡೆದಿತ್ತು. ಆಮೇಲೆ, ಸತ್ತ ಮೇಷ್ಟ್ರು ಹಿಂದೆ ನಿಂತು ನೋಡುತ್ತಿದ್ದಾರೇನೋ ಎಂಬಂತೆ ತಲೆ ತಗ್ಗಿಸಿ, ಅದನ್ನು ತುಟಿಗಳ ನಡುವೆ ಇಟ್ಟು ಎಳೆದ.

ಜಯದೇವಪ್ಪ ಮತ್ತೆ ಕುರ್ಚಿಗೆ ಒರಗಿದರು.

ಸುಲೋಚನಮ್ಮನ ಸರದಿ ಬಂದಾಗ ನಂಜುಂಡಪ್ಪ ಬೆಂಚಿನಲ್ಲಿ ಮುಂದಕ್ಕೆ ಬಾಗಿದ. ಅವಳು ಮೊದಲು ಬೆಂಚಿನ ಕಡೆಗೊಮ್ಮೆ ನೋಡಿದಳು. ಹುಚ್ಚೆಳ್ಳಿನ ಒಂದು ಹೂವು ಬರೆದಳು, ಇನ್ನೊಂದು ಬರೆದಳು. ಬರೆಯುತ್ತ ಬರೆಯುತ್ತ ಹೆಗಲು ಇಳಿಯಿತು. ಖಾಕಿ, ಅತ್ತೆ, ಸಂಜೆಯ ಜೀಪು ಎಲ್ಲ ಮರೆತ ಹೆಂಗಸು ಪ್ರತಿ ಹೂವಿಗೂ ಬ್ರಷ್ಷನ್ನು ಬಾಯಿಗಿಟ್ಟು ಎಳೆದು, ನಾಲಿಗೆಯ ತುದಿ ಹಳದಿ ಮಾಡಿಕೊಂಡು, ಬೆಲ್ಲ ಕದ್ದ ಮಗುವಿನ ಹಾಗೆ ಕೂತಿದ್ದಳು.

ನಂಜುಂಡಪ್ಪ ಜಯದೇವಪ್ಪನವರತ್ತ ನೋಡಿ ನಿಧಾನವಾಗಿ ತಲೆಯಾಡಿಸಿದ. ಗೊತ್ತಿದ್ದವರು ಹೀಗೆ ನೆಕ್ಕುವುದು ಸಾಧ್ಯವಿಲ್ಲ. ಸುಲೋಚನಮ್ಮ ಗೆದ್ದಿದ್ದಳು.

ಇತ್ತ ಓಂಕಾರಮೂರ್ತಿ ಅವಳ ಬಾಯಿಯನ್ನೇ ನೋಡುತ್ತಿದ್ದ. ತಡೆಯಲಿಲ್ಲ. ಕೆಮ್ಮಲಿಲ್ಲ ಕೂಡ. ಮಡಿಲಲ್ಲಿ ಕೈ ಇಟ್ಟುಕೊಂಡು, ನಾಟಕ ನೋಡುವವನ ಹಾಗೆ ನೋಡುತ್ತಿದ್ದ.

ಅವನು ಕೂತಾಗ ಜಯದೇವಪ್ಪ ಕಣ್ಣು ಮಿಟುಕಿಸಲಿಲ್ಲ. ಹಸಿರು ತೆಗೆದುಕೊಂಡ, ಬಾಯಿಗಿಟ್ಟ. ಕಂದು ತೆಗೆದುಕೊಂಡ, ಬಾಯಿಗಿಟ್ಟ. ಮೇಷ್ಟ್ರ ಪಕ್ಕಾ ಶಿಷ್ಯ. ಹೊಲದ ಬದುವಿಗೆ ಹಳದಿ ಬೇಕಾಯಿತು. ಅದ್ದಿದ. ಕೈ ಬಾಯಿಯ ಅರ್ಧ ದಾರಿಗೆ ಬಂತು. ಅಲ್ಲಿಂದ ಇಳಿಯಿತು. ಜೇಬಿನಿಂದ ಕರ್ಚೀಫು ತೆಗೆದು, ಬ್ರಷ್ಷಿನ ತುದಿಯನ್ನು ಅದರಲ್ಲಿ ಹೊಸೆದ. ಮತ್ತೆ ಹಳದಿ, ಮತ್ತೆ ಕರ್ಚೀಫು. ಹಸಿರಿಗೆ ಹೋಗುವ ಮುಂಚೆ ಬ್ರಷ್ಷನ್ನು ನೀರಿನಲ್ಲಿ ಅಲ್ಲಾಡಿಸಿ ಅಲ್ಲಾಡಿಸಿ ತೊಳೆದ. ಆಮೇಲೆ ಹಸಿರು ಎಂದಿನಂತೆ ಬಾಯಿಗೆ ಹೋಯಿತು.

ಜಯದೇವಪ್ಪನವರಿಗೆ ಇಷ್ಟು ದಿನ ಮೂರೂರು ಸುತ್ತಿ, ಯಾರ್ಯಾರದೋ ಜಗಲಿಯಲ್ಲಿ ಕೂತು, ಬೇಕಾದ್ದು ಬೇಡದ್ದು ಎಲ್ಲ ಮಾತಾಡಿ ಸಿಗದಿದ್ದದ್ದು ಈಗ ಒಂದು ಕರ್ಚೀಫಿನ ಮೇಲೆ ಹಳದಿಯಾಗಿ ಮೂಡಿತ್ತು.

ಹೊಲದ ಮೇಲೆ ಮೇಷ್ಟ್ರು ಪೆನ್ಸಿಲಿನಲ್ಲಿ ಗೆರೆ ಎಳೆದು ಬಿಟ್ಟ ಬೆಳ್ಳಕ್ಕಿಗಳ ಹಿಂಡೊಂದು ಉಳಿದಿತ್ತು. ಅದನ್ನು ಸುಲೋಚನಮ್ಮನೇ ಬರೆಯಲಿ, ಅವರ ಕೈ ನಯ ಎಂದು ಓಂಕಾರಮೂರ್ತಿ ಎದ್ದು ಜಾಗ ಬಿಟ್ಟ. ಅವಳಿಗೂ ಅದೇ ಬೇಕಾಗಿತ್ತು. ಬಿಳಿ ಬಣ್ಣದಲ್ಲಿ ರೆಕ್ಕೆಗೊಂದು, ಕೊಕ್ಕಿಗೊಂದು ಎಳೆ ಎಳೆಯುತ್ತ ಕೂತಳು. ಜಯದೇವಪ್ಪನವರ ಕಣ್ಣು ಅತ್ತ ಇರಲಿಲ್ಲ. ಅವರು ಆ ಕರ್ಚೀಫು ಯಾವ ಜೇಬಿಗೆ ಹೋಯಿತೆಂದು ನೋಡುತ್ತಿದ್ದರು.

ಚಿತ್ರ ಮುಗಿಯಿತು. ಕೆಳಗಿನ ನಲ್ಲಿಯಲ್ಲಿ ಬ್ರಷ್ಷು ತೊಳೆದು ತನ್ನಿ ಎಂದು ಜಯದೇವಪ್ಪ ಉಳಿದಿಬ್ಬರನ್ನು ಕಳಿಸಿದರು. ಬಾಗಿಲಲ್ಲಿ ಸುಲೋಚನಮ್ಮ ಹಿಂದಿರುಗಿ ನೋಡಿದಾಗ ನಂಜುಂಡಪ್ಪನೇ ಹೇಳಿದ: "ಸಂಜೆ ಬಸ್ಸಿಗೆ ನಿಮ್ಮೂರಿಗೆ ಹೋಗಮ್ಮಾ. ನಿಮ್ಮತ್ತೆ ಹತ್ರ ನಾನೇ ಬಂದು ಮಾತಾಡ್ತೀನಿ."

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡು ಕೆಳಗಿಳಿದಳು.

ಓಂಕಾರಮೂರ್ತಿ ಜುಬ್ಬಾ ಸರಿಮಾಡಿಕೊಂಡು ಎದ್ದ. ಜಯದೇವಪ್ಪ ಅವನ ಹೆಗಲ ಮೇಲೆ ಕೈಯಿಟ್ಟು ಮತ್ತೆ ಕೂರಿಸಿದರು.

"ಕರ್ಚೀಫು ಕೊಡಪ್ಪಾ ಸ್ವಲ್ಪ."

"ಯಾಕೆ?"

"ಹಸಿರು ನೆಕ್ಕಿದೆ. ಕಂದು ನೆಕ್ಕಿದೆ. ಹಳದಿ ನಿಂಗೆ ಹೇಸಿಗೆ ಆಯ್ತಾ?"

ಓಂಕಾರಮೂರ್ತಿ ನಗಲು ನೋಡಿದ. ಹಳದಿ ತನ್ನ ಬಾಯಿಗೆ ಕಹಿ ಎಂದ. ಮೇಷ್ಟ್ರ ಎಂಜಲಿನ ಪೆಟ್ಟಿಗೆ, ಸತ್ತವರದು ಎಂದ. ಹಾಗಾದರೆ ಹಸಿರಿಗೆ ಎಂಜಲಿಲ್ಲವೇ ಎಂದು ಬೆಂಚಿನಿಂದ ನಂಜುಂಡಪ್ಪ ಕೇಳಿದ. ಅವನ ಕೈಯಲ್ಲಿ ಬೇಡಿ ಇತ್ತು. ಓಂಕಾರಮೂರ್ತಿ ಅದನ್ನು ನೋಡಿದ, ಮೇಜಿನ ಮೇಲಿನ ಪೆಟ್ಟಿಗೆ ನೋಡಿದ. ನಗು ಮುಖದಿಂದ ಇಳಿದು ಹೋಯಿತು. ಆಶ್ಚರ್ಯವೆಂದರೆ ಅದು ಹೋದ ಮೇಲೆ ಆ ಮುಖಕ್ಕೆ ಒಂದು ನೆಮ್ಮದಿ ಬಂತು.

"ಮೇಷ್ಟ್ರನ್ನ ಕೊಂದೆ. ಹೋಗ್ಲಿ," ಎಂದರು ಜಯದೇವಪ್ಪ. "ಈಗ ನಿನ್ನ ಕಣ್ಮುಂದೆ ಆ ಹೆಂಗಸು ಹಳದಿ ನೆಕ್ತಾ ಇದ್ಲು. ಆ ಹುಡುಗನೂ ನೆಕ್ದ. ವಿಷ ಅಂತ ನಿಂಗೊಬ್ಬನಿಗೆ ಗೊತ್ತು. ನೋಡ್ತಾ ಕೂತಿದ್ದೆಯಲ್ಲೋ."

ಓಂಕಾರಮೂರ್ತಿ ಅಂಗಡಿಯಲ್ಲಿ ಬಟ್ಟೆ ಬಿಚ್ಚಿ ತೋರಿಸುವವನ ಸಮಾಧಾನದಲ್ಲೇ ಮಾತಾಡಿದ. ಅವನಿಗೊಬ್ಬಳು ಮಗಳಿದ್ದಳು, ದಾಕ್ಷಾಯಿಣಿ. ಮಿದುಳು ಜ್ವರದಲ್ಲಿ ಹೋದಳು. ಒಂದು ಫೋಟೋ ಕೂಡ ತೆಗೆಸಿರಲಿಲ್ಲ. ಹೆಂಡತಿ ದಿನಾ ಸಂಜೆ ಮಗುವಿನ ಮೂಗು ಹೇಗಿತ್ತು, ಗಲ್ಲ ಹೇಗಿತ್ತು ಎಂದು ಕೇಳುತ್ತಿದ್ದಳು. ಮರೆತುಹೋಗುತ್ತಿದೆ ಎಂದು ಅಳುತ್ತಿದ್ದಳು. ಅದಕ್ಕೇ ಅವನು ಬ್ರಷ್ಷು ಹಿಡಿದದ್ದು. ಮೇಷ್ಟ್ರ ಕಾಲಿಗೆ ಬಿದ್ದು ಕಲಿತು, ಹರಿದು ಹರಿದು ಹಾಕಿ, ಕೊನೆಗೊಂದು ಮುಖ ಬರೆದ. ಹೆಂಡತಿ ಅದನ್ನು ನೋಡಿ 'ಇವಳೇ' ಎಂದಳು. ಹೋದ ವರ್ಷ ಕಡೂರಿನ ಪ್ರದರ್ಶನಕ್ಕೆ ಅದನ್ನು ತಂದ. ಹೆಂಡತಿಯೂ ಹೊಸ ಸೀರೆ ಉಟ್ಟು ಬಂದಿದ್ದಳು.

"ಮೇಷ್ಟ್ರು ಏನಂದ್ರು ಗೊತ್ತಾ ನಿಮಗೆ? 'ಏನೋ ಓಂಕಾರಿ, ಮಣ್ಣಿಗಿಟ್ಟಿದ್ದನ್ನ ಮತ್ತೆ ಅಗೆದು ತಂದಂಗಿದೆಯಲ್ಲೋ' ಅಂದ್ರು. ಅಂದು, ನನ್ನ ಮಗೂನ ಗೋಡೆಗೆ ತಿರುಗಿಸಿದ್ರು."

ಕೆಳಗೆ ಈರುಳ್ಳಿ ಹರಾಜು ಕೂಗುತ್ತಿದ್ದವನ ಧ್ವನಿ ಏರಿ ಇಳಿಯಿತು.

"ನಾನು ತಿರುಗಿಸ್ಕೊಂಡು ಮನೆಗೆ ತಗೊಂಡು ಹೋಗ್ತೀನಿ ಅಂದೆ. ಸಂಘದ ಪದ್ಧತಿ, ಮುಟ್ಟಬಾರದು ಅಂದ್ರು. ಆವತ್ತಿಂದ ಅವಳು ಮಗೂ ಮುಖ ಹೆಂಗಿತ್ತು ಅಂತ ಕೇಳೋದನ್ನೇ ಬಿಟ್ಟುಬಿಟ್ಲು. ನನ್ನ ಮುಖಾನೂ ನೋಡಲ್ಲ."

"ಮೇಷ್ಟ್ರ ಮೇಲಿನ ಸಿಟ್ಟು ಸರಿ. ಸುಲೋಚನಮ್ಮ ಏನು ಮಾಡಿದ್ಲು?"

"ನಕ್ಕಳು."

"ಏನು?"

"ಮೇಷ್ಟ್ರು ಆ ಮಾತಂದಾಗ ಹಾಲೆಲ್ಲ ಸುಮ್ನಿತ್ತು. ಮೊದಲು ನಕ್ಕಿದ್ದು ಅವಳು. ಅವಳು ನಕ್ಕ ಮೇಲೇ ಮಿಕ್ಕೋರೆಲ್ಲ ನಕ್ಕಿದ್ದು. ನನ್ನ ಹೆಂಡ್ತಿ ಪಕ್ಕದಲ್ಲೇ ನಿಂತಿದ್ಲು."

ಮಾತೇ ಬಂಡವಾಳವಾದ ಮನುಷ್ಯನಿಗೆ ಮಾತು ಸಿಗದಿದ್ದರೆ ಅಂಗಿ ಇಲ್ಲದಂತಾಗುತ್ತದೆ. ಏನಾದರೂ ಹೇಳಬೇಕಲ್ಲ ಎಂದು ಜಯದೇವಪ್ಪ, ನಿನ್ನ ಪುಣ್ಯ, ಅವಳ ಪುಣ್ಯ, ಆ ಹಳದಿ ಬಿಲ್ಲೆ ನಿನ್ನೆಯೇ ಬದಲಾಯಿಸಿದ್ದೆ, ಅದರಲ್ಲಿ ವಿಷವಿರಲಿಲ್ಲ ಎಂದರು.

ಓಂಕಾರಮೂರ್ತಿ ತಲೆಯೆತ್ತಿದ. ಹೋಗಿದ್ದ ನಗು ಮೆಲ್ಲಗೆ ಹಿಂದಿರುಗಿತು.

"ಹಳದಿ ಒಂದನ್ನೇ ಬದಲಾಯಿಸಿದ್ರಾ?"

ಜಯದೇವಪ್ಪ ಪೆಟ್ಟಿಗೆಯ ಬಿಲ್ಲೆಗಳತ್ತ ನೋಡಿದರು.

"ಮೇಷ್ಟ್ರು ಆವತ್ತು ಹೊಲಾನೇ ಬರೀತಾರೆ ಅಂತ ನನಗೇನು ಕನಸು ಬಿದ್ದಿತ್ತಾ ಜಯದೇವಪ್ಪನೋರೆ? ಬಿಳಿಗೂ ಹಾಕಿದ್ದೆ."

ನಂಜುಂಡಪ್ಪನ ಕೈಯ ಬೇಡಿ ಬೆಂಚಿಗೆ ಬಡಿಯಿತು. ಜಯದೇವಪ್ಪ ಚಿತ್ರದತ್ತ ತಿರುಗಿದರು. ಹಳದಿ ಹೊಲದ ಮೇಲೆ ಬೆಳ್ಳಕ್ಕಿಗಳು ಇನ್ನೂ ಒದ್ದೆಯಾಗಿ ಹೊಳೆಯುತ್ತಿದ್ದವು. ಎಷ್ಟು ಚೂಪಾದ ಕೊಕ್ಕುಗಳು, ಎಷ್ಟು ಸಣ್ಣ ಕಾಲುಗಳು. ಒಂದೊಂದು ಎಳೆಗೂ ಬ್ರಷ್ಷು ಎಲ್ಲಿಗೆ ಹೋಗಿ ಬಂದಿತ್ತೆಂದು ಈಗ ಅವರಿಗೆ ಕಾಣುತ್ತಿತ್ತು.

"ಸುಳ್ಳು ಹೇಳ್ತಿದೀಯ," ಎಂದರು ಅವರು.

ಓಂಕಾರಮೂರ್ತಿ ಪೆಟ್ಟಿಗೆಯನ್ನು ಒಂದೇ ಬೆರಳಿನಿಂದ ಅವರ ಮುಂದಕ್ಕೆ ತಳ್ಳಿದ.

"ಹಂಗಾದ್ರೆ ನೆಕ್ಕಿ ನೋಡ್ರಿ."

ಕೆಳಗೆ ನಲ್ಲಿಯ ಹತ್ತಿರ ತಗಡಿನ ಡಬ್ಬಿಯೊಂದು ಕಲ್ಲಿನ ಮೇಲೆ ಬಿದ್ದು ಉರುಳಿತು. ಮಲ್ಲಿಕಾರ್ಜುನ ಸುಲೋಚನಮ್ಮನ ಹೆಸರು ಕೂಗುತ್ತ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬರುತ್ತಿದ್ದ ಸದ್ದು ಕೇಳಿತು. ಅವನ ಹಿಂದೆ, ತೆರೆದ ನಲ್ಲಿಯನ್ನು ಯಾರೂ ನಿಲ್ಲಿಸಲಿಲ್ಲ. ನೀರು ಹರಿಯುತ್ತಲೇ ಇತ್ತು.